ಕಣ್ಣು ಮುಚ್ಚಿ ಪಾಠ ಕೇಳುವ ಮೇಡಂ

ಮೈಸೂರು ರಸ್ತೆಯಲ್ಲಿ ಬಸ್ಸಿಳಿದು ಜ್ಞಾನಭಾರತಿಯ ಗೇಟು ಹೊಕ್ಕ ಮೇಲೂ ಸಂಖ್ಯಾಶಾಸ್ತ್ರದ ಕಟ್ಟಡ ಕಣ್ಣಿಗೆ ಬೀಳುತ್ತಿರಲಿಲ್ಲ. ನೀಲಗಿರಿ ಮರಗಳ ನಡುವೆ ಹೊಸ ರಸ್ತೆ ಹೋಗುತ್ತಲೇ ಇತ್ತು. ಅನಂತಲಕ್ಷ್ಮಿ ಮೇಡಂ ಆ ದಾರಿಯನ್ನು ನಿಂತು ನಿಂತು ಮುಗಿಸುತ್ತಿದ್ದರು. ಮೊದಲ ಸಲ ನಿಂತಾಗ, ಸೀಮೆಎಣ್ಣೆ ಸ್ಟೌ ಆರಿಸಿ ಬಂದೆನೋ ಇಲ್ಲವೋ ಎಂಬ ಚಿಂತೆ. ಮುಂದೆ ಕಲ್ಲಿನ ಮೋರಿಕಟ್ಟೆಯ ಮೇಲೆ ಕೂತಾಗ, ಹಿತ್ತಲ ಬಾಗಿಲ ಚಿಲಕದ ಚಿಂತೆ. ಕಟ್ಟಡದ ಮೆಟ್ಟಿಲು ಮುಟ್ಟುವಷ್ಟರಲ್ಲಿ ಚಿಂತೆ ಮಾಡುವುದಕ್ಕೂ ತ್ರಾಣ ಉಳಿದಿರುತ್ತಿರಲಿಲ್ಲ, ಮೊಣಕಾಲ ನೋವೊಂದೇ ಉಳಿದಿರುತ್ತಿತ್ತು.

ಅದು ಎಪ್ಪತ್ತೆಂಟನೆಯ ಇಸವಿಯ ಜೂನ್ ತಿಂಗಳು. ಕಾಲೇಜುಗಳು ಇನ್ನೂ ತೆರೆದಿರಲಿಲ್ಲ. ಬೇರೆ ಮೇಷ್ಟರುಗಳೆಲ್ಲ ಊರಿಗೋ ಮಗಳ ಮನೆಗೋ ಹೋಗಿ ಹಾಯಾಗಿದ್ದರೆ, ಅನಂತಲಕ್ಷ್ಮಿ ಮಾತ್ರ ದಿನಾ ರಾಜಾಜಿನಗರದಿಂದ ಮೆಜೆಸ್ಟಿಕ್, ಮೆಜೆಸ್ಟಿಕ್‌ನಿಂದ ಇಲ್ಲಿಗೆ ಎಂದು ಎರಡು ಬಸ್ಸು ಬದಲಿಸಿಕೊಂಡು ಬರಬೇಕಿತ್ತು. ಕಾಲೇಜುಗಳಿಗೆ ಹೊಸದಾಗಿ ಸೇರಿದ ಸಂಖ್ಯಾಶಾಸ್ತ್ರದ ಲೆಕ್ಚರರ್‌ಗಳಿಗೆ ಪಾಠ ಮಾಡುವುದನ್ನು ಕಲಿಸುವ ತರಬೇತಿ ಅವರ ಕೊರಳಿಗೆ ಬಿದ್ದು ಬಹಳ ವರ್ಷಗಳಾಗಿದ್ದವು. ಯಾರಿಗೂ ಬೇಡವಾದ ಕೆಲಸ. ಮೊದಲ ವರ್ಷ ವಿಭಾಗದ ಮುಖ್ಯಸ್ಥರು “ಇದೊಂದು ಸಲ ನೀವು ನೋಡಿಕೊಳ್ಳಿ ಮೇಡಂ” ಎಂದಿದ್ದರು. ಆಮೇಲಿನ ವರ್ಷಗಳಲ್ಲಿ ಹಾಗೆ ಹೇಳುವ ಸೌಜನ್ಯವೂ ಇರಲಿಲ್ಲ.

ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮಗ ಕಿಟ್ಟಿ ಪಿ.ಯು.ಸಿ. ಓದುತ್ತಿದ್ದ. ಮನೆಯಲ್ಲಿ ಮದುವೆಯಾಗದೆ ಉಳಿದ ನಾದಿನಿ ಪಂಕಜಾ ಇದ್ದಳು, ಅಡುಗೆ ಮನೆಯೂ ಅವಳದೇ, ಕೊನೆಯ ಮಾತೂ ಅವಳದೇ. ಬೆಳಿಗ್ಗೆ ಅನಂತಲಕ್ಷ್ಮಿ ಚಪ್ಪಲಿ ಮೆಟ್ಟುವಾಗ ಅವಳದೊಂದು ಮಾತು ಬೆನ್ನಿಗೆ ಬಂದು ಬೀಳದಿದ್ದರೆ ದಿನ ಶುರುವಾಗುತ್ತಿರಲಿಲ್ಲ.

“ಅತ್ತಿಗೆ, ಊರಿನ ಮೇಷ್ಟ್ರುಗಳಿಗೆಲ್ಲ ಪಾಠ ಮಾಡೋದು ಹೇಳ್ಕೊಡ್ತೀರಿ. ನಿಮ್ಮ ಮಗ ಲೆಕ್ಕದಲ್ಲಿ ಗೋತಾ ಹೊಡೀತಾ ಇದಾನೆ.”

“ಸ್ಟೌ ಆರಿಸಿದೀಯಾ, ನೋಡು.”

“ಆರಿಸಿದೀನಿ. ದಾರೀಲಿ ನಿಂತ್ಕೊಂಡು ಅದನ್ನೇ ಯೋಚನೆ ಮಾಡ್ಬೇಡಿ.”

ಆದರೂ ಮಾಡುತ್ತಿದ್ದರು.

ಪಾಠ ಕಲಿಸುವುದರಲ್ಲಿ ಅನಂತಲಕ್ಷ್ಮಿಯವರದು ಒಂದು ವಿಚಿತ್ರ ಪದ್ಧತಿ. ಹೊಸಬರು ಒಬ್ಬೊಬ್ಬರಾಗಿ ಬೋರ್ಡಿನ ಮುಂದೆ ನಿಂತು ಪಾಠ ಮಾಡಬೇಕು, ಉಳಿದವರು ವಿದ್ಯಾರ್ಥಿಗಳಂತೆ ಕೂತು ಕೇಳಬೇಕು. ಮೇಡಂ ಮಾತ್ರ ಕಟ್ಟಕಡೆಯ ಬೆಂಚಿನಲ್ಲಿ ಗೋಡೆಗೆ ಒರಗಿ, ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿಬಿಡುತ್ತಿದ್ದರು. ಬೋರ್ಡು ನೋಡದೆ, ಬರೀ ಕಿವಿಯಿಂದ ಕೇಳಿಯೇ ಪಾಠ ತಿಳಿದರೆ ಅದು ಪಾಠ. ತಿಳಿಯದಿದ್ದರೆ ಆ ಲೆಕ್ಚರರ್ ಸೂತ್ರದ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದಾನೆ ಎಂದು ಅರ್ಥ. “ಸೀಮೆಸುಣ್ಣ ಸುಳ್ಳು ಹೇಳತ್ತೆ ಕಣ್ರೀ. ಬೋರ್ಡ್ ತುಂಬ ಬರೆದ್ರೆ ಎಲ್ಲಾ ಹೇಳಿದ ಹಾಗೆ ಕಾಣತ್ತೆ. ನಾಲಿಗೆ ಸುಳ್ಳು ಹೇಳೋದು ಕಷ್ಟ,” ಎಂದು ಮೊದಲ ದಿನವೇ ಎಚ್ಚರಿಸುತ್ತಿದ್ದರು. ಕಣ್ಣು ಮುಚ್ಚುವುದಕ್ಕೆ ಇನ್ನೊಂದು ಕಾರಣವನ್ನೂ ಕೊಡುತ್ತಿದ್ದರು: ಮುಂದೆ ನಿಂತವರು ಬೆಳ್ಳಗಿದ್ದಾರೋ ಕಪ್ಪಗಿದ್ದಾರೋ, ಇಸ್ತ್ರಿ ಬಟ್ಟೆಯೋ ಮುದುಡಿದ ಬಟ್ಟೆಯೋ, ಯಾವುದೂ ತಮ್ಮ ತೀರ್ಮಾನಕ್ಕೆ ಅಡ್ಡ ಬರಬಾರದು. ಕುರುಡು ನ್ಯಾಯವೇ ಸರಿಯಾದ ನ್ಯಾಯ.

ಮೂರು ವಾರಗಳ ಕೊನೆಗೆ ಪ್ರತಿಯೊಬ್ಬರದೂ ಒಂದು ಪರೀಕ್ಷೆಯ ಪಾಠ. ಅದು ಮುಗಿದ ಕೂಡಲೇ ಮೇಡಂ ಒಂದು ಚೀಟಿಯಲ್ಲಿ ‘ಸರಿ’ ಎಂದೋ ‘ಇನ್ನೊಮ್ಮೆ’ ಎಂದೋ ಬರೆದು ಮಡಿಸಿ ಕೊಡುತ್ತಿದ್ದರು. ಬಾಯಿ ಬಿಟ್ಟು ಹೇಳಿದ್ದೇ ಇಲ್ಲ. ‘ಇನ್ನೊಮ್ಮೆ’ ಎಂದರೆ ಮುಂದಿನ ವರ್ಷದ ಜೂನ್.

ಆ ವರ್ಷದ ಹೊಸಬರಲ್ಲಿ ಕೆಂಗೇರಿಯ ಸೇತುರಾಮ ಎಂಬ ಹುಡುಗನಿಗೆ ಬಾಯಿ ನಿಲ್ಲುತ್ತಿರಲಿಲ್ಲ. ಮೇಡಂ ಕಣ್ಣು ಮುಚ್ಚಿದ ಕೂಡಲೇ ಪಕ್ಕದವನಿಗೆ ಪಿಸುಗುಡುವನು.

“ಮಲಗಿದ್ರು ಗುರು.”

ಪಕ್ಕದವನು ಶ್ಯಾಮಸುಂದರ. ಚಿನ್ನದ ಪದಕದವನು, ಮೈಗೆ ಪೌಡರು, ಜೇಬಿಗೆ ಎರಡು ಪೆನ್ನು. “ಮಲಗಿಲ್ಲ. ಕೇಳ್ತಾ ಇದಾರೆ.”

“ಗೊರಕೆ ಬಂದ್ರೆ?”

“ಗೊರಕೆ ಬಂದ್ರೆ ನಿನ್ನ ಪಾಠ ಅಷ್ಟು ಚೆನ್ನಾಗಿದೆ ಅಂತ.”

“ಸೇತುರಾಮ,” ಹಿಂದಿನಿಂದ ಮೇಡಂ ಕಣ್ಣು ತೆರೆಯದೆಯೇ ಹೇಳುವರು, “ಗೊರಕೆ ಬರೋವಷ್ಟು ಚೆನ್ನಾಗಿ ನೀವಿನ್ನೂ ಪಾಠ ಮಾಡಿಲ್ಲಪ್ಪ.”

ಎಲ್ಲರೂ ನಗುವರು. ನಿಜ ಹೇಳಬೇಕೆಂದರೆ ಈಚೆಗೆ ಮಧ್ಯಾಹ್ನದ ಹೊತ್ತು, ಊಟದ ಡಬ್ಬಿ ಮುಚ್ಚಿದ ಮೇಲೆ, ಒಂದೆರಡು ಗಳಿಗೆ ಅವರಿಗೆ ನಿದ್ದೆಯೂ ಹತ್ತುತ್ತಿತ್ತು. ಎಚ್ಚರವಾದಾಗ ಪಾಠ ಅಲ್ಲೇ ಇರುತ್ತಿತ್ತು. ಹಾಗಾಗಿ ಏನೂ ನಷ್ಟವಾಗಿಲ್ಲವೆಂದುಕೊಳ್ಳುತ್ತಿದ್ದರು.

ಆ ಗುಂಪಿನಲ್ಲಿ ಇದ್ದ ಒಬ್ಬಳೇ ಹೆಂಗಸು ಪ್ರಭಾ. ಬಸವೇಶ್ವರನಗರದಲ್ಲಿ ಯಾರದೋ ಮನೆಯ ಹಿಂಬದಿಯ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದಳು. ಗಂಡ, ಅತ್ತೆ, ಇನ್ನೂ ತೆವಳಲೂ ಬಾರದ ಒಂದು ಹೆಣ್ಣು ಮಗು. ವಿಜಯನಗರದ ಕಡೆಯ ಒಂದು ಸಣ್ಣ ಕಾಲೇಜಿನಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತ್ತು. ಬಂದ ಎರಡನೆಯ ದಿನವೇ ಮೆಟ್ಟಿಲ ಬಳಿ ಮೇಡಂ ಜೊತೆ ನಡೆಯುತ್ತಾ ಹೇಳಿಕೊಂಡಿದ್ದಳು.

“ಇಲ್ಲಿಂದ ಸರಿ ಅಂತ ಬಂದ್ರೆ ಮಾತ್ರ ಟೈಂಟೇಬಲ್‌ನಲ್ಲಿ ಹೆಸರು ಹಾಕ್ತೀನಿ ಅಂದಿದಾರೆ ಮೇಡಂ ಪ್ರಿನ್ಸಿಪಾಲರು. ಇಲ್ಲದಿದ್ರೆ ಬೇರೆ ಯಾರನ್ನೋ ನೋಡ್ಕೋತಾರಂತೆ.”

“ಮುಂದಿನ ವರ್ಷ ಬಂದ್ರಾಯ್ತು.”

“ಒಂದು ಸಲ ಮನೇಲಿ ಕೂತ್ರೆ ಆಮೇಲೆ ಕಳಿಸೋಲ್ಲ ಮೇಡಂ. ನಮ್ಮತ್ತೆ ಆಗ್ಲೇ ಕಾಯ್ತಾ ಇದಾರೆ, ಯಾವಾಗ ಬಿಡ್ತಾಳೆ ಅಂತ.”

ಅನಂತಲಕ್ಷ್ಮಿ “ಹ್ಞೂಂ” ಎಂದಿದ್ದರು. ಪ್ರತಿ ವರ್ಷವೂ ಯಾರಿಗಾದರೂ ಒಂದು ಕಷ್ಟ ಇದ್ದೇ ಇರುತ್ತಿತ್ತು. ಎಲ್ಲರ ಕಷ್ಟವನ್ನೂ ಕಿವಿಗೆ ಹಾಕಿಕೊಂಡರೆ ಪಾಠ ಕೇಳುವುದು ಯಾವ ಕಿವಿಯಲ್ಲಿ?

ಪರೀಕ್ಷೆಯ ಪಾಠ ಶನಿವಾರ. ಬೆಳಿಗ್ಗೆ ಶ್ಯಾಮಸುಂದರ ನೀರು ಕುಡಿದಷ್ಟು ಸಲೀಸಾಗಿ ಮಾಡಿ ‘ಸರಿ’ ಗಿಟ್ಟಿಸಿಕೊಂಡ. ಸೇತುರಾಮ ತನ್ನ ಹಾಸ್ಯದ ನಡುವೆಯೂ ಒಂದಿಷ್ಟು ವಿಷಯ ಹೇಳಿ ಪಾರಾದ. ಎಲ್ಲರ ಕೊನೆಗೆ ಪ್ರಭಾಳ ಸರದಿ ಬಂದಾಗ ಊಟ ಮುಗಿದು ಬಹಳ ಹೊತ್ತಾಗಿತ್ತು. ವಿಷಯ: ಸರಾಸರಿ ಒಂದೇ ಸಾಲದು, ಅಂಕಿಗಳು ಸರಾಸರಿಯಿಂದ ಎಷ್ಟು ದೂರ ಚದುರಿವೆ ಎಂಬುದನ್ನೂ ನೋಡಬೇಕು ಎನ್ನುವುದು. ಹಳೆಯ ಪಾಠ. ನಿದ್ದೆಗಣ್ಣಲ್ಲೂ ಹೇಳಬಹುದಾದದ್ದು.

ಅನಂತಲಕ್ಷ್ಮಿ ಕನ್ನಡಕ ಮಡಿಲಿಗಿಟ್ಟು ಕಣ್ಣು ಮುಚ್ಚಿದರು.

ಪ್ರಭಾಳ ದನಿ ಮೊದಲಿಗೆ ಚೆನ್ನಾಗಿಯೇ ಬಂತು. ಹತ್ತು ಹುಡುಗರ ಎತ್ತರ, ಅವುಗಳ ಸರಾಸರಿ. ಆಮೇಲೆ ಏನೋ ಆಯಿತು. ಒರೆಸಿದ ಸದ್ದು, ಬರೆದ ಸದ್ದು, ಮತ್ತೆ ಒರೆಸಿದ ಸದ್ದು. “ಈಗ ಆ ಮೊತ್ತಾನ… ಮೊತ್ತ…” ಎಂದು ನಿಂತಳು. ಮೊತ್ತ ಎಷ್ಟಿತ್ತೆಂದು ಅವಳಿಗೆ ಮರೆತಿತ್ತು. ಬರೆದದ್ದನ್ನು ಅವಳೇ ಒರೆಸಿಹಾಕಿದ್ದಳು. ಮೊದಲಿಂದ ಕೂಡಿದಳು, ತಪ್ಪಿತು. ಉಸಿರು ಮೇಲಾಗಿತ್ತು. ಯಾವುದನ್ನು ಯಾವುದರಿಂದ ಭಾಗಿಸುತ್ತಿದ್ದಾಳೆಂದು ಕಣ್ಣು ಮುಚ್ಚಿದವರಿಗಂತೂ ತಿಳಿಯುವಂತಿರಲಿಲ್ಲ. ನಡುವೆ ಒಂದು ಗಳಿಗೆ ಅನಂತಲಕ್ಷ್ಮಿಯವರ ಕತ್ತು ವಾಲಿತು. ಎಚ್ಚರವಾದಾಗ ಅವಳು ಇನ್ನೂ ಅದೇ ಭಾಗಾಕಾರದಲ್ಲಿದ್ದಳು.

ಚೀಟಿಯಲ್ಲಿ ‘ಇನ್ನೊಮ್ಮೆ’ ಎಂದು ಬರೆದರು. ಬರೆಯುವಾಗ ಕೈ ತಡೆಯಲಿಲ್ಲ.

ಪ್ರಭಾ ಚೀಟಿ ಬಿಡಿಸಿ ನೋಡಿದಳು. “ಬರ್ತೀನಿ ಮೇಡಂ, ಮಗು ಕಾಯ್ತಿರತ್ತೆ” ಎಂದು ಚೀಲ ಎದೆಗವಚಿಕೊಂಡು ಹೋದಳು. ಬೇರೆಯವರ ಜೊತೆ ಗೇಟಿನ ತನಕ ನಡೆಯಲೂ ಇಲ್ಲ, ಮುಂದೆ ಮುಂದೆ ಓಡಿದಂತೆ ಹೋಗಿಬಿಟ್ಟಳು.

ಎಲ್ಲರೂ ಎದ್ದ ಮೇಲೂ ಅನಂತಲಕ್ಷ್ಮಿ ಬೆಂಚಿನಲ್ಲೇ ಕೂತಿದ್ದರು. ಮೊಣಕಾಲು ಏಳಲು ಒಪ್ಪುತ್ತಿರಲಿಲ್ಲ. ಅಟೆಂಡರ್ ಮುನಿಯಣ್ಣ ಬೀಗದ ಗೊಂಚಲು ಆಡಿಸುತ್ತಾ ಬಂದ.

“ಅಮ್ಮಾ, ಬೋರ್ಡ್ ಒರೆಸ್ಬಿಡ್ಲಾ? ಇವತ್ತು ಕೆಲ್ಸ ಕಮ್ಮಿ ಬುಡಿ. ಮೂಲೇಲಿ ಒಂದ್ ಚೂರು ಗೀಚವ್ರೆ ಅಷ್ಟೇಯ.”

“ಒರೆಸಪ್ಪ,” ಎಂದು ಕನ್ನಡಕ ಹಾಕಿಕೊಂಡರು. ಹಾಕಿಕೊಂಡವರು, “ತಡಿ, ತಡಿ” ಎಂದರು.

ಬೋರ್ಡು ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಇತ್ತು. ಮೇಲಿನ ಅರ್ಧ ಪೂರ್ತಿ ಖಾಲಿ. ಕೆಳಗೆ ಬಲಗಡೆ, ಒಂದು ಮೊರದಷ್ಟು ಜಾಗದಲ್ಲಿ, ಬರೆದು ಒರೆಸಿ ಮತ್ತೆ ಅದರ ಮೇಲೇ ಬರೆದು ಬೂದಿ ಬಳಿದಂತಾಗಿತ್ತು. ಡಸ್ಟರಿನಿಂದ ಒರೆಸಿದ್ದಲ್ಲ, ಅಂಗೈಯಿಂದ ಉಜ್ಜಿದ್ದು, ಬೆರಳಿನ ಗೆರೆಗಳು ಕಾಣುತ್ತಿದ್ದವು. ಡಸ್ಟರು ಮೇಜಿನ ಎಡತುದಿಯಲ್ಲಿ ಇಟ್ಟಲ್ಲೇ ಇತ್ತು. ಎತ್ತರದ ಹುಡುಗಿ ಪ್ರಭಾ. ಅವಳ ಒಂದು ಅಕ್ಷರವೂ ಅವಳ ಭುಜಕ್ಕಿಂತ ಮೇಲೆ ಹೋಗಿರಲಿಲ್ಲ.

ಜೀವಮಾನವೆಲ್ಲ ಗ್ರಾಫಿನ ಮೇಲಿನ ಚುಕ್ಕೆಗಳನ್ನು ನೋಡಿ ಅವುಗಳ ಹಿಂದೆ ಏನಿದೆಯೆಂದು ಊಹಿಸುವುದೇ ಅವರ ಕಸುಬು. ಆದರೂ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಬಾಗಿಲ ಬಳಿ ಸೇತುರಾಮ ಛತ್ರಿ ಹುಡುಕುತ್ತಿದ್ದ.

“ಸೇತುರಾಮ, ಪ್ರಭಾಗೆ ಎಡಗೈ ನೋವೇನಪ್ಪಾ?”

“ಇಲ್ಲ ಮೇಡಂ. ಸೆರಗು ಸುತ್ತ ಹೊದ್ಕೊಂಡು ಎಡಗೈಲಿ ಬಿಗಿಯಾಗಿ ಹಿಡ್ಕೊಂಡಿದ್ರು. ಪಾಠ ಮುಗಿಯೋವರ್ಗೂ ಬಿಡ್ಲೇ ಇಲ್ಲ. ನಾನು ಚಳಿ ಅನ್ಕೊಂಡೆ.”

“ಚಳಿ!”

“ಮತ್ತೆ? ನಮ್ಮ ಅಕ್ಕಂದಿರೂ ಹಂಗೇ, ಫ್ಯಾನ್ ಹಾಕಿದ್ರೆ ಚಳಿ ಅಂತಾರೆ.” ಅವನಿಗೆ ಛತ್ರಿ ಸಿಕ್ಕಿತು. “ಇನ್ನೊಂದ್ಸಲ ಕೇಳಿ ಮೇಡಂ ಪಾಪ. ನಮಗೆಲ್ಲ ಊಟದ ಹೊತ್ತಲ್ಲಿ ಲೆಕ್ಕ ಬಿಡಿಸಿ ಹೇಳ್ಕೊಡ್ತಾ ಇದ್ದಿದ್ದು ಅವ್ರೇ. ಈ ಶ್ಯಾಮಸುಂದರಂಗೂನೂ.”

ಅವನು ಹೋದ. ಅನಂತಲಕ್ಷ್ಮಿ ಬೋರ್ಡನ್ನೇ ನೋಡುತ್ತಿದ್ದರು. ಬೆಳಿಗ್ಗೆ ಮನೆ ಬಿಟ್ಟ ಬಾಣಂತಿಗೆ ಮಧ್ಯಾಹ್ನದ ಹೊತ್ತಿಗೆ ಏನಾಗುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎದೆ ಕಲ್ಲಾಗುತ್ತದೆ. ಎಲ್ಲೋ ಯಾರದೋ ಮಗು ಅತ್ತರೆ ಸಾಕು, ಅಳದಿದ್ದರೂ ಸಾಕು, ಮನೆಯ ಮಗು ನೆನಪಾದರೆ ಸಾಕು, ಹಾಲು ಸೋರಿ ರವಿಕೆ ಒದ್ದೆಯಾಗುತ್ತದೆ. ಕಿಟ್ಟಿ ಕೈಗೂಸಾಗಿದ್ದಾಗ ಅವರೂ ರವಿಕೆಯೊಳಗೆ ಹಳೆಯ ಪಂಚೆಯ ತುಂಡು ಮಡಿಸಿಟ್ಟುಕೊಂಡು ಪಾಠ ಮಾಡಿದವರೇ. ತುಂಡು ತೊಯ್ದರೆ ಸೆರಗು. ಸೆರಗನ್ನು ಬಲಭುಜದ ಸುತ್ತ ಎಳೆದು ಮುಂದೆ ಹಿಡಿದುಕೊಂಡರೆ ಬಲಗೈ ಭುಜದ ಮೇಲಕ್ಕೆ ಏಳುವುದಿಲ್ಲ. ಎಡಗೈ ಡಸ್ಟರಿಗೆ ಸಿಗುವುದಿಲ್ಲ. ಎದುರಿಗೆ ಕೂತವರೆಲ್ಲ ಗಂಡಸರು. ಕೈಗೆಟುಕುವ ಚೂರು ಜಾಗದಲ್ಲೇ ಬರೆದು, ಬೇಕಾದದ್ದನ್ನೂ ಒರೆಸಿಕೊಂಡು, ಮೊತ್ತ ಮರೆತು ನಿಲ್ಲದೆ ಅವಳಾದರೂ ಇನ್ನೇನು ಮಾಡಿಯಾಳು?

ಕಣ್ಣು ತೆರೆದಿದ್ದರೆ ಒಂದೇ ನೋಟಕ್ಕೆ ತಿಳಿಯುತ್ತಿತ್ತು.

“ಅಮ್ಮಾ, ಒರೆಸ್ಲಾ ಬ್ಯಾಡ್ವಾ?”

“ಒರೆಸು,” ಎಂದರು. ಗೇಟಿನವರೆಗಿನ ದಾರಿ ಅಂದು ಇನ್ನೂ ಉದ್ದವಾಗಿತ್ತು. ಸ್ಟೌವಿನ ನೆನಪೇ ಬರಲಿಲ್ಲ.

ಮನೆಯಲ್ಲಿ ಪಂಕಜಾ ಕಾಫಿ ಕೊಟ್ಟು, ಕಾಲಿಗೆ ತಿಕ್ಕಲು ಬಿಸಿ ಎಣ್ಣೆಯ ಬಟ್ಟಲು ತಂದಿಟ್ಟಳು. ನಾಳೆಯಿಂದ ಬಿಡುವು, ಡಾಕ್ಟರು ಹೇಳಿದಂತೆ ಒಂದು ವಾರ ಕಾಲು ಚಾಚಿ ಮಲಗಬೇಕು ಎನ್ನುವುದು ಮೊದಲೇ ಆಗಿದ್ದ ಮಾತು. ಅನಂತಲಕ್ಷ್ಮಿ ನಡೆದದ್ದನ್ನು ಹೇಳಿದರು.

“ಅದಕ್ಕೇನೀಗ?” ಎಂದಳು ಪಂಕಜಾ. “ಅನ್ನ ಬೆಂದಿದೆಯೋ ಇಲ್ವೋ ನೋಡೋಕೆ ಒಂದು ಅಗುಳು ಸಾಕು. ನೋಡಿದ್ರಿ, ಬೆಂದಿಲ್ಲ. ಮುಗೀತಲ್ಲ.”

“ಮೇಲಿನ ಅಗುಳು ನೋಡಿದ್ದು ಪಂಕಜಾ. ಅದೂ ಕಣ್ಣು ಮುಚ್ಕೊಂಡು.”

“ಹಾಗಾದ್ರೆ ಇನ್ನೊಂದು ಅಗುಳು ನೋಡಿ.”

“ಅವಳೊಬ್ಬಳದೇ ಇನ್ನೊಂದು ಸಲ ನೋಡಿದ್ರೆ ಉಳಿದವರು ಬಿಡ್ತಾರಾ? ನನಗ್ಯಾಕಿಲ್ಲ ಅಂತಾರೆ. ನ್ಯಾಯವೇ ಅದು. ನೋಡೋದಾದ್ರೆ ಎಲ್ಲರದ್ದೂ ನೋಡ್ಬೇಕು.”

“ಎಲ್ಲರದ್ದೂ? ಮತ್ತೆ ಆ ಎರಡು ಬಸ್ಸು, ಆ ನಡಿಗೆ?” ಪಂಕಜಾ ಎಣ್ಣೆಯ ಬಟ್ಟಲನ್ನು ಟಣ್ಣೆಂದು ಇಟ್ಟಳು. “ಕಾಲು ನಿಮ್ದು. ನಾನ್ಯಾಕೆ ಮಾತಾಡ್ಲಿ.”

ಆದರೂ ಬಹಳ ಹೊತ್ತು ಮಾತಾಡಿದಳು.

ಅನಂತಲಕ್ಷ್ಮಿ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ ಕೂತರು. ಸಂಖ್ಯಾಶಾಸ್ತ್ರದಲ್ಲಿ ಮೊದಲನೆಯ ವರ್ಷದ ಹುಡುಗರಿಗೂ ಹೇಳುವ ಮಾತೊಂದಿದೆ: ಒಂದೇ ಒಂದು ಅಂಕಿ ಇಟ್ಟುಕೊಂಡು ತೀರ್ಮಾನಕ್ಕೆ ಹೋಗಬೇಡಿ. ಅದನ್ನು ಎಷ್ಟು ಲೆಕ್ಚರರ್‌ಗಳಿಗೆ ಎಷ್ಟು ವರ್ಷ ಹೇಳಿಕೊಟ್ಟಿದ್ದರೋ. ಹೇಳಿಕೊಟ್ಟು, ಆಮೇಲೆ ಅವರನ್ನು ಒಂದೇ ಪಾಠದಲ್ಲಿ ಅಳೆದು ಚೀಟಿ ಮಡಿಸಿ ಕೊಟ್ಟು ಬಸ್ಸು ಹತ್ತಿದ್ದರು. ಯಾರೊಬ್ಬರೂ ಕೇಳಿರಲಿಲ್ಲ. ಕೇಳಬೇಕಾದವರೇ ಹೆದರಿದವರು.

ಭಾನುವಾರ ಬೆಳಿಗ್ಗೆ ಕಿಟ್ಟಿಯನ್ನು ಸೇತುರಾಮನ ಮನೆಗೆ ಅಟ್ಟಿದರು: ಸೋಮವಾರ ಎಲ್ಲರೂ ಮತ್ತೆ ಬರಬೇಕು, ಸೇತುರಾಮನೇ ಎಲ್ಲರಿಗೂ ತಿಳಿಸಬೇಕು. ತಾವು ಆಟೋ ಮಾಡಿಕೊಂಡು ಬಸವೇಶ್ವರನಗರಕ್ಕೆ ಹೋದರು. ಹೊಸ ಬಡಾವಣೆ, ಅರ್ಧ ಕಟ್ಟಿದ ಮನೆಗಳು, ಜಲ್ಲಿ ರಾಶಿಗಳು. ಪ್ರಭಾಳ ಮನೆಯ ಹೊಸ್ತಿಲಲ್ಲಿ ಅವಳ ಅತ್ತೆ ಮಗುವನ್ನು ಕಾಲಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದರು.

“ಯಾರು ಬೇಕಾಗಿತ್ತು?”

“ಪ್ರಭಾ ಇದಾರಾ? ನಾನು ಅನಂತಲಕ್ಷ್ಮಿ ಅಂತ. ತರಬೇತಿ…”

“ಓ, ಫೇಲ್ ಮಾಡಿದೋರು ನೀವೇನಾ?” ಎಂದರು ಆಕೆ, ಎಣ್ಣೆ ಹಚ್ಚುವುದನ್ನು ನಿಲ್ಲಿಸದೆ. “ಬನ್ನಿ ಬನ್ನಿ, ಕೂತ್ಕೊಳ್ಳಿ. ಒಳ್ಳೇದೇ ಮಾಡಿದ್ರಿ ಬಿಡಿ. ಮಗು ಬಾಯಿಗೆ ಡಬ್ಬಿ ಹಾಲು ಕೊಟ್ಟು ಕೊಟ್ಟು ನಂಗೂ ಸಾಕಾಗಿತ್ತು. ಬಾಟ್ಲಿ ಕುದಿಸಿದ್ನೋ ಇಲ್ವೋ ಅಂತ ಇವಳು ದಿನಾ ಮೂರು ಸಲ ಕೇಳೋದು ಬೇರೆ.”

ಒಳಗಿಂದ ಪ್ರಭಾ ಬಂದಳು. ಕಣ್ಣು ಊದಿಕೊಂಡಿದ್ದವು. ಮೇಡಂ ಅವರನ್ನು ಕಂಡು ಗೋಡೆಗೆ ಅಂಟಿಕೊಂಡು ನಿಂತಳು.

“ನಾಳೆ ಇನ್ನೊಂದು ಸಲ ಪಾಠ ಮಾಡ್ಬೇಕು ಕಣಮ್ಮ,” ಎಂದರು ಅನಂತಲಕ್ಷ್ಮಿ. “ನೀನೊಬ್ಬಳೇ ಅಲ್ಲ, ಎಲ್ಲರೂ. ನಿನ್ನದು ಬೆಳಿಗ್ಗೇನೇ ಇಟ್ಕೊಳ್ತೀನಿ. ಮಗೂನ ಕರ್ಕೊಂಡು ಬಾ. ಹಾಲು ಕುಡಿಸಿ ಆಮೇಲೆ ನಿಂತ್ಕೋ.”

ಪ್ರಭಾಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅವಳ ಕೈ ತಾನಾಗಿ ಸೆರಗಿಗೆ ಹೋಯಿತು, ಮುಖ ಕೆಂಪಾಯಿತು. “ನಿಮಗೆ… ನೀವು ಕಣ್ಣು ಮುಚ್ಕೊಂಡಿದ್ರಲ್ಲ ಮೇಡಂ.”

“ಮುಚ್ಕೊಂಡಿದ್ದೆ. ಅದಕ್ಕೇ ಬಂದಿದ್ದು.”

“ಕೂಸನ್ನ ಆ ಕಾಡಿಗಾ?” ಎಂದರು ಅತ್ತೆ. “ಗಾಳಿ, ಧೂಳು. ನೆಗಡಿ ಆದ್ರೆ ಯಾರು ನೋಡ್ಕೋತಾರೆ? ಅಲ್ಲಿ ಇವಳು ಬೋರ್ಡ್ ಮುಂದೆ ನಿಂತ್ರೆ ಎತ್ಕೊಳ್ಳೋರು ಯಾರು?”

“ನಾನು ಎತ್ಕೋತೀನಿ,” ಎಂದರು ಅನಂತಲಕ್ಷ್ಮಿ.

ಅತ್ತೆ ಎಣ್ಣೆಗೈ ತಡೆದು ಅವರನ್ನು ಮೇಲಿನಿಂದ ಕೆಳಗೆ ನೋಡಿದರು. “ಕುಲಾವಿ ಹಾಕ್ಕೊಂಡು ಕರ್ಕೊಂಡು ಹೋಗು,” ಎಂದರು ಸೊಸೆಗೆ. “ಅವರು ಎತ್ಕೊಳ್ಳೋ ರೀತಿ ನೋಡ್ಕೊಂಡು ಆಮೇಲೆ ಕೊಡು.”

ಸೋಮವಾರ ಎಲ್ಲರೂ ಗೊಣಗುತ್ತಲೇ ಬಂದರು. ಶ್ಯಾಮಸುಂದರನಿಗೆ ಎಲ್ಲರಿಗಿಂತ ಹೆಚ್ಚು ಸಿಟ್ಟು.

“ಮೇಡಂ, ನಂದು ಸರಿ ಅಂತ ಬರೆದು ಕೊಟ್ಟಿದೀರಿ. ಚೀಟಿ ಇದೆ.”

“ಇದೆಯಪ್ಪ. ಅದು ಒಂದು ದಿನದ್ದು. ಚೀಟಿ ವಾಪಸ್ ಕೇಳೋಲ್ಲ, ಇವತ್ತಿನದು ನೀವೇ ನೋಡ್ಕೊಳ್ಳೋಕೆ.”

ಅವನು ಮೊದಲು ನಿಂತ. ಶನಿವಾರ ಮಾಡಿದ ಪಾಠವನ್ನೇ ಅಕ್ಷರ ಬಿಡದೆ ಒಪ್ಪಿಸಲು ಹೊರಟು, ನಡುವೆ ಸೇತುರಾಮ ವಿದ್ಯಾರ್ಥಿಯ ದನಿಯಲ್ಲಿ “ಸಾರ್, ಯಾಕೆ ಸಾರ್?” ಎಂದು ಒಂದೇ ಒಂದು ಪ್ರಶ್ನೆ ಕೇಳಿದ್ದಕ್ಕೆ ತಡವರಿಸಿ, ಬೆವರಿ, ಪೌಡರಿನ ಮೇಲೆ ಗೆರೆ ಮೂಡಿಸಿಕೊಂಡು ಕೂತ. ಯಾರೂ ನಗಲಿಲ್ಲ. ತಮ್ಮ ಸರದಿಯೂ ಇದೆಯೆಂದು ಎಲ್ಲರಿಗೂ ಗೊತ್ತಿತ್ತು.

ಪ್ರಭಾ ಪಕ್ಕದ ಖಾಲಿ ಕೋಣೆಯಿಂದ ಬಂದು, ಹಿಂದಿನ ಬೆಂಚಿಗೆ ನಡೆದು, ಮಗುವನ್ನು ಮೇಡಂ ಕೈಗೆ ಕೊಟ್ಟಳು. ಕೊಟ್ಟ ಮೇಲೂ ಅಲ್ಲೇ ನಿಂತಳು. “ಕತ್ತಿನ ಕೆಳಗೆ ಕೈ ಕೊಡಿ ಮೇಡಂ. ತೇಗಿಸಿದೀನಿ. ಆದ್ರೂ ಒಂದೊಂದ್ಸಲ ಕಕ್ಕತ್ತೆ. ಅತ್ರೆ ಬಾಗಿಲ ಹತ್ರ ನಡೆದಾಡಿಸ್ಬಿಡಿ, ಸುಮ್ಮನಾಗತ್ತೆ…”

“ಹೋಗಮ್ಮ, ಹೋಗು. ನಾನೂ ಒಂದನ್ನ ಸಾಕಿದೀನಿ.”

ಅನಂತಲಕ್ಷ್ಮಿ ಅಭ್ಯಾಸದಂತೆ ಗೋಡೆಗೆ ಒರಗಿ, ಕನ್ನಡಕ ತೆಗೆಯಲು ಕೈ ಬಿಡುವಿಲ್ಲದೆ ಹಾಗೆಯೇ ಕಣ್ಣು ಮುಚ್ಚಿದರು. ಮುಚ್ಚಿದ ಕೂಡಲೇ ಮಗು ಅವರ ಕನ್ನಡಕದ ಕಡ್ಡಿ ಹಿಡಿದು ಎಳೆಯಿತು. ತೆರೆದು ಬಿಡಿಸಿಕೊಂಡರು. ಮತ್ತೆ ಮುಚ್ಚಿದರು. ಈ ಸಲ ಓಲೆಗೆ ಬಂತು ಕೈ. ಅಗಲವಿಲ್ಲದ ಬೆಂಚು, ಕಲ್ಲುನೆಲ, ಕೈಯಲ್ಲಿ ಇನ್ನೊಬ್ಬರ ಕೂಸು. ಇದನ್ನಿಟ್ಟುಕೊಂಡು ಕಣ್ಣು ಮುಚ್ಚುವುದು ಯಾವ ತಾಯಿಯಿಂದಲೂ ಆಗದ ಕೆಲಸ. ತೆರೆದೇ ಕೂತರು.

ಪ್ರಭಾಳ ಎರಡು ಕೈಯೂ ಬಿಡುವಾಗಿದ್ದವು. ಎಡಗೈಯಲ್ಲಿ ಡಸ್ಟರು. ಆದರೆ ದನಿ ನಡುಗುತ್ತಿತ್ತು.

“ಈ ಗೇಟಿನ ಹತ್ರ ಬಸ್ಸು ಸರಾಸರಿ ಅರ್ಧ ಗಂಟೆಗೊಂದು ಬರತ್ತೆ ಅಂತ ಇಟ್ಕೊಳ್ಳಿ,” ಎಂದು ಶುರುಮಾಡಿದಳು. ಹುಡುಗರ ಎತ್ತರದ ಮಾತೇ ಇಲ್ಲ. “ಒಂದು ದಿನ ಅರ್ಧ ಗಂಟೆಗೊಂದು, ಸರಿಯಾಗಿ ಬಂತು. ಇನ್ನೊಂದು ದಿನ ಒಂದರ ಹಿಂದೆ ಒಂದು ಮೂರು ಬಂದು, ಆಮೇಲೆ ಗಂಟೆಗಟ್ಟಲೆ ಒಂದೂ ಇಲ್ಲ. ಎರಡು ದಿನದ ಸರಾಸರೀನೂ ಒಂದೇ. ನಾನು ಹಾಲು ಕುಡಿಸೋ ಹೊತ್ತಿಗೆ ಮನೆ ಸೇರ್ಬೇಕು. ಆ ಸರಾಸರಿ ಕಟ್ಕೊಂಡು ನಾನೇನು ಮಾಡ್ಲಿ?”

“ಆಟೋ ಹಿಡೀರಿ ಮೇಡಂ,” ಎಂದ ಸೇತುರಾಮ.

“ನೀನು ಹಿಡ್ಕೊಡ್ತೀಯೇನಪ್ಪ?” ಎಂದಳು ಪ್ರಭಾ, ತಟಕ್ಕನೆ. ಕೋಣೆ ನಕ್ಕಿತು. ಅವಳ ದನಿಯ ನಡುಕ ಅಲ್ಲಿಗೆ ನಿಂತಿತು.

ಬೋರ್ಡಿನ ಮೇಲ್ತುದಿಯಿಂದ ಬರೆದಳು. ಬಸ್ಸುಗಳ ನಡುವಿನ ಹೊತ್ತುಗಳು ಒಂದರ ಕೆಳಗೊಂದು, ಪಕ್ಕದಲ್ಲಿ ಸರಾಸರಿಯಿಂದ ಅವುಗಳ ದೂರ. ಬಹಳ ಚೆನ್ನಾಗಿತ್ತೆಂದಲ್ಲ. ಒಂದು ಕಡೆ ವರ್ಗ ಮಾಡುವುದು ಯಾಕೆಂದು ಹೇಳಲು ಮರೆತು ಮುಂದೆ ಹೋದಳು, ಮತ್ತೆ ತಾನೇ ನಿಂತು, “ಇಲ್ಲೊಂದು ಬಿಟ್ಟೆ, ಕ್ಷಮಿಸಿ” ಎಂದು ಹಿಂದಕ್ಕೆ ಬಂದಳು. ಭಾಗಾಕಾರದಲ್ಲಿ ಆತುರಪಟ್ಟಳು. ಮಗು ಒಮ್ಮೆ ಕುಂಯ್ ಎಂದಾಗ ಸೀಮೆಸುಣ್ಣ ಹಿಡಿದ ಕೈ ಗಾಳಿಯಲ್ಲೇ ನಿಂತಿತು. ಅನಂತಲಕ್ಷ್ಮಿ ತಲೆಯಾಡಿಸಿದರು, ಏನಿಲ್ಲ, ಮುಂದುವರಿ. ಮುಂದುವರಿಸಿದಳು.

ಅಸಾಧಾರಣವಲ್ಲದ ಪಾಠ. ಆದರೆ ಹುಡುಗರು ಮನೆಗೆ ಹೋಗುವಾಗ, ಬಸ್ಸಿಗೆ ಕಾಯುವಾಗ, ನೆನಪಿಗೆ ಬರುವ ಪಾಠ. ಹೀಗೆ ಇನ್ನೂ ಎಷ್ಟು ಜೂನ್‌ಗಳಲ್ಲಿ, ಕಣ್ಣು ಮುಚ್ಚಿದ ಕತ್ತಲಲ್ಲಿ, ಯಾರಿಗೆಲ್ಲ ಏನೇನು ಆಗಿತ್ತೋ ಎಂಬ ಯೋಚನೆ ಒಮ್ಮೆ ಬಂತು. ಬೆನ್ನು ನೋಯುತ್ತಿತ್ತು. ಆ ಯೋಚನೆಯನ್ನು ಹೊರುವಷ್ಟು ಬಲ ಅವರಿಗೆ ಆ ಹೊತ್ತಿನಲ್ಲಿ ಇರಲಿಲ್ಲ, ಪಕ್ಕಕ್ಕಿಟ್ಟರು. ಮುಂದಿನ ವರ್ಷದಿಂದ ಒಬ್ಬೊಬ್ಬರದೂ ಎರಡೆರಡು ಪಾಠ, ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತು. ಕೆಲಸ ಎರಡರಷ್ಟು. ಪಂಕಜಾ ಕೇಳಿದರೆ ಏನಂದಾಳು ಎಂದು ಆಗಲೇ ದಣಿವಾಯಿತು.

ಪಾಠ ಮುಗಿಯಿತು. ಪ್ರಭಾ ಸೀಮೆಸುಣ್ಣ ಇಟ್ಟು, ಕೈ ಒರೆಸಿಕೊಂಡು, ಚೀಟಿಗಾಗಿ ಹಿಂದಿನ ಬೆಂಚಿನ ಕಡೆ ನೋಡಿದಳು.

ಮಗು ಯಾವ ಮಾಯದಲ್ಲೋ ಮೇಡಂ ಅವರ ಎಡತೋಳಿನ ಮೇಲೆ ನಿದ್ದೆ ಹೋಗಿತ್ತು. ಬಲಗೈಯ ಹೆಬ್ಬೆರಳನ್ನು ಅದು ಬಿಗಿಯಾಗಿ ಹಿಡಿದುಕೊಂಡಿತ್ತು. ಪೆನ್ನು ಚೀಲದಲ್ಲಿತ್ತು, ಚೀಲ ಬೆಂಚಿನ ಕೆಳಗೆ. ಅಲುಗಾಡಿದರೆ ಎಚ್ಚರವಾಗುತ್ತದೆ. ಅನಂತಲಕ್ಷ್ಮಿ ಎರಡೂ ಕೈಗಳನ್ನು ನೋಡಿಕೊಂಡರು, ಪ್ರಭಾಳನ್ನು ನೋಡಿದರು.

“ಸರಿ,” ಎಂದರು, ಮಗುವಿಗೆ ಕೇಳಿಸದಷ್ಟು ಮೆಲ್ಲಗೆ.

ಪ್ರಭಾ ನಿಂತಲ್ಲೇ ಮೇಜನ್ನು ಹಿಡಿದುಕೊಂಡಳು. ಆಮೇಲೆ ಬೇಗ ಬೇಗ ಹಿಂದಕ್ಕೆ ಬಂದು ಮಗುವಿಗೆ ಕೈ ಚಾಚಿದಳು.

“ಬೇಡ, ಈಗ ತಾನೇ ಮಲಗಿದೆ,” ಎಂದರು ಅನಂತಲಕ್ಷ್ಮಿ. “ನೀನು ಆ ಕಡೆ ಕೂತ್ಕೊಂಡು ಒಂದು ಲೋಟ ನೀರು ಕುಡಿ. ಮುಂದೆ ಯಾರಪ್ಪ? ಸೇತುರಾಮ, ಬನ್ನಿ. ಸ್ವಲ್ಪ ಮೆತ್ತಗೆ ಮಾತಾಡಿ.”